ಕೂತು ಮಾಡುವ ಕೆಲಸ

ತೊಂದರೆಯೆಲ್ಲ ಶುರುವಾದದ್ದು ಒಂದೇ ಒಂದು ಶಬ್ದದಿಂದ.

ಶನಿವಾರ ಸಂಜೆ ಜಯಶೀಲ ಸುವರ್ಣ ಡೊಂಬಿವಲಿಯ ತನ್ನ ಚಾಳಿನ ವಠಾರದ ನಲ್ಲಿಯ ಕೆಳಗೆ ಕಾಲು ತೊಳೆಯುತ್ತ, ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪುಷ್ಪಾವತಿಗೆ, "ಎಲ್ಲೆ ಎನ್ನ ಪ್ರೋಗ್ರಾಮ್ ಉಂಡು" ಎಂದ. ಅವರ ಮನೆಮಾತು ತುಳು. ನಾಳೆ ನನ್ನ ಪ್ರೋಗ್ರಾಮ್ ಉಂಟು ಎಂದರ್ಥ. ಪಕ್ಕದ ಮನೆಯ ಬಾಲಪ್ಪ ಅಫಜಲಪುರದ ಕಡೆಯವನು. ಅವನಿಗೆ ತುಳುವಿನ ಗಂಧಗಾಳಿ ಇಲ್ಲ. ಆದರೆ ನಡುವಿನ ಆ ಒಂದು ಶಬ್ದ ಅವನ ಕಿವಿಗೆ ಸರಿಯಾಗಿ ಬಿತ್ತು. ಉಳಿದದ್ದನ್ನು, ಗಂಡಹೆಂಡಿರ ಮಾತನ್ನೆಲ್ಲ ಕೇಳಿಸಿಕೊಂಡಿದ್ದ ಎದುರುಮನೆಯ ರಮಾಮಣಿ ಕನ್ನಡ ಮಾಡಿ ಕೊಟ್ಟಳು.

"ಪ್ರೋಗ್ರಾಮ್ ಎಲ್ಲಿ ಅಂತ್ರೀ ಅಕ್ಕಾರ?"

"ಸಂಘದಲ್ಲಿ ಅಂತೆ. ಬೆಳಿಗ್ಗೆ ಹತ್ತಕ್ಕೆ."

"ನೋಡ್ರಿ ಮತ್ತ! ಬಾಜೂ ಮನ್ಯಾಗ ಇದ್ದು ನಮಗ ಒಂದ್ ಮಾತ್ ಹೇಳ್ಲಿಲ್ಲ ಮನಷ್ಯಾ!"

ಮುಂಬಯಿ ಕಡೆಯ ಕನ್ನಡಿಗರಿಗೆ ಪ್ರೋಗ್ರಾಮ್ ಎಂದರೆ ಏನೆಂದು ಬಿಡಿಸಿ ಹೇಳಬೇಕೆ? ಮೈಕು, ಹಾರ, ಶಾಲು, ಅಧ್ಯಕ್ಷರ ಎರಡು ಮಾತು, ಯಕ್ಷಗಾನದ ಒಂದು ತುಣುಕು, ಕೊನೆಗೆ ಉಪಾಹಾರ. ಕನ್ನಡ ಸಂಘ ಇರುವುದೇ ಅದಕ್ಕೆ. ಆ ಸಂಘದ ಮಾಳಿಗೆಯಲ್ಲಿ ನಡೆಯುವ ರಾತ್ರಿ ಕಾಲೇಜಿನವರು ಒಂದು ಕಂಪ್ಯೂಟರ್ ತಂದಿಟ್ಟು ಕ್ಲಾಸು ಶುರುಮಾಡಿದ್ದಾರೆ, ಅಲ್ಲಿ ಪ್ರೋಗ್ರಾಮ್ ಎಂದರೆ ಬೇರೆಯೇ ಏನೋ ಉಂಟು ಎಂಬುದೆಲ್ಲ ಚಾಳಿನವರಿಗೆ ಯಾರು ಹೇಳಿದ್ದಾರೆ? ಜಯಶೀಲನೇ ಹೇಳಬಹುದಿತ್ತು. ಅವನು ಕಾಲು ತೊಳೆದು ಒಳಗೆ ಹೋದ.

ಪಾಪ, ಅವನ ಚಿಂತೆ ಅವನಿಗೆ. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಪಂಪ್ ಕಾರ್ಖಾನೆಯಲ್ಲಿ ಜಯಶೀಲ ಡಿಸ್ಪ್ಯಾಚ್ ಕ್ಲಾರ್ಕ್. ಯಾವ ಮಾಲು ಯಾವ ಲಾರಿಗೆ ಎಂದು ಕೂಗಿ ಹೇಳುವ ಕೆಲಸ. ಡಿಸ್ಪ್ಯಾಚಿನಲ್ಲಿ ಕುರ್ಚಿ ಇಲ್ಲ. ಕುರ್ಚಿ ಇಟ್ಟರೆ ಲಾರಿ ತಿರುಗುವುದಿಲ್ಲ. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ನಿಂತು ಹೋಗುವುದು. ಡೊಂಬಿವಲಿಯಲ್ಲಿ ಹತ್ತಿದವನಿಗೆ ಸೀಟು ಸಿಕ್ಕ ಕತೆ ನೀವು ಕೇಳಿದ್ದೀರಾ? ಹಗಲಿಡೀ ನಿಂತು ಕೂಗುವುದು, ಸಂಜೆ ನಿಂತು ಬರುವುದು. ರಾತ್ರಿ ಪುಷ್ಪಾವತಿ ಕೊಬ್ಬರಿ ಎಣ್ಣೆ ಬಿಸಿಮಾಡಿ ಅವನ ಕಾಲಿಗೆ ತಿಕ್ಕುವಾಗ, "ನಿಮಗೆ ಒಂದು ಕೂತು ಮಾಡುವ ಕೆಲಸ ಸಿಕ್ಕಿದ್ರೆ ನಾನು ಈ ಎಣ್ಣೆಯಲ್ಲಿ ಹಪ್ಪಳ ಕಾಯಿಸ್ತಿದ್ದೆ" ಎನ್ನುತ್ತಿದ್ದಳು.

ಹಾಗಿರುವಾಗ ಕಾರ್ಖಾನೆಗೆ ಕಂಪ್ಯೂಟರ್ ಬರುವ ಸುದ್ದಿ ಹಬ್ಬಿತು. ಅದಕ್ಕೆಂದೇ ಗಾಜಿನ ಕೋಣೆ, ಕೋಣೆಗೆ ಎ.ಸಿ., ಒಳಗೆ ಒಂದು ತಿರುಗುವ ಕುರ್ಚಿ. ಮ್ಯಾನೇಜರ್ ಗುಪ್ತೆ ಸಾಹೇಬರು ಎಲ್ಲರೆದುರು ಹೇಳಿದ್ದರು: "ನಮ್ಮವರಲ್ಲೇ ಯಾರಾದರೂ ಕಲಿತು ಬಂದರೆ ಹೊರಗಿನವರು ಯಾಕೆ?" ಮರುದಿನವೇ ಜಯಶೀಲ ರಾತ್ರಿ ಕಾಲೇಜಿಗೆ ಸೇರಿದ. ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಒಂದೇ ಸ್ಟೂಲು. ಆದ್ದರಿಂದ ಅಲ್ಲಿಯೂ ಅವನು ಹೆಚ್ಚಾಗಿ ನಿಂತೇ ಕಲಿತ. ಆದರೂ ಕಲಿತ. ಊರಿನ ಹೆಸರು ಒತ್ತಿದರೆ ಅಲ್ಲಿಗೆ ಯಾವ ಲಾರಿಯಲ್ಲಿ ಮಾಲು ಹೋಗಬೇಕೆಂದು ತೋರಿಸುವ ಒಂದು ಪ್ರೋಗ್ರಾಮನ್ನು ತಾನೇ ಬರೆದ. ಭಾನುವಾರ ಅದರ ಪರೀಕ್ಷೆ. ಗುಪ್ತೆ ಸಾಹೇಬರ ಮನೆಯೂ ಡೊಂಬಿವಲಿಯಲ್ಲೇ. "ಸರ್ಟಿಫಿಕೇಟು ಗಿರ್ಟಿಫಿಕೇಟು ನಾನು ನಂಬುವುದಿಲ್ಲ. ಬಂದು ಕಣ್ಣಾರೆ ನೋಡುತ್ತೇನೆ" ಎಂದಿದ್ದರು.

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಜಯಶೀಲ ಸಂಘದ ಗೇಟಿಗೆ ಬಂದ. ಬಂದವನು ಅಲ್ಲೇ ಕಲ್ಲಾಗಿ ನಿಂತ. ಗೇಟಿನ ಕಪ್ಪು ಹಲಗೆಯ ಮೇಲೆ ದುಂಡು ಅಕ್ಷರದಲ್ಲಿ ಬರೆದಿತ್ತು: 'ಇಂದು ಹತ್ತು ಗಂಟೆಗೆ ಶ್ರೀ ಜಯಶೀಲ ಸುವರ್ಣರಿಂದ ಕಂಪ್ಯೂಟರ್ ಪ್ರೋಗ್ರಾಮ್. ಸರ್ವರಿಗೂ ಸ್ವಾಗತ. ನಂತರ ಉಪಾಹಾರವಿದೆ.'

ಒಳಗೆ ಸಂಘದ ಕಾರ್ಯದರ್ಶಿ ದೇಜಪ್ಪ ಮೈಕಿನ ವಯರು ಎಳೆಯುತ್ತಿದ್ದರು. ಸ್ಟೇಷನ್ ಎದುರು ಹೋಟೆಲು ನಡೆಸುವ ದೇಜಪ್ಪನವರಿಗೆ ಯಾರಾದರೂ ಸೀನಿದರೂ ಅದಕ್ಕೊಂದು ಸಭೆ ಏರ್ಪಡಿಸುವ ಹುಮ್ಮಸ್ಸು.

"ದೇಜಪ್ಪಣ್ಣ, ಇದೆಂತದು? ಯಾರು ಹೇಳಿದ್ದು ನಿಮಗೆ?"

"ನೀನು ಹೇಳ್ಲಿಲ್ಲ ಅಂತ ನಮಗೆ ಗೊತ್ತಾಗುದಿಲ್ವಾ ಮಾರಾಯ? ರಮಾಮಣಿ ಬಂದು ಹೇಳಿದ್ಲು. ನಮ್ಮ ಹುಡುಗ ಪ್ರೋಗ್ರಾಮ್ ಕೊಡುವಾಗ ಹಾಲ್ ಖಾಲಿ ಇರ್ಬೇಕಾ? ನಾಚಿಕೆ ಯಾಕೆ ನಿನಗೆ?"

"ಅಯ್ಯೋ, ಅದು ಆ ಪ್ರೋಗ್ರಾಮ್ ಅಲ್ಲ! ಕಂಪ್ಯೂಟರಿಗೆ ಏನೇನು ಮಾಡ್ಬೇಕು ಅಂತ ಸಾಲು ಸಾಲಾಗಿ ಬರ್ದು ಕೊಡ್ಲಿಕ್ಕೆ ಉಂಟಲ್ಲ, ಅದಕ್ಕೇ ಪ್ರೋಗ್ರಾಮ್ ಅಂತ ಹೇಳುದು. ನಾವು ಬರ್ದದ್ದನ್ನು ಅದು ಮಾಡಿ ತೋರಿಸ್ತದೆ."

ದೇಜಪ್ಪನವರ ಮುಖ ಅರಳಿತು.

"ಹಾಗೆ ಹೇಳು! ಯಕ್ಷಗಾನದಲ್ಲಿ ಇದ್ದ ಹಾಗೆ ನೀನು ಭಾಗವತ, ಅದು ವೇಷ. ನೀನು ಪದ ಹೇಳಿದ ಹಾಗೆ ಅದು ಕುಣಿತದೆ. ಮತ್ತೆ ಪ್ರೋಗ್ರಾಮ್ ಅಲ್ಲ ಅಂತ ಯಾಕೆ ಹೇಳುದು?"

ಹೌದಲ್ಲ ಎಂದು ಜಯಶೀಲನಿಗೇ ಅನಿಸಿಬಿಟ್ಟಿತು. ಅಷ್ಟರಲ್ಲಿ ಜನ ಬರತೊಡಗಿದರು. ಚಾಳಿನವರೆಲ್ಲ ಮದುವೆಗೆ ಹೊರಟವರಂತೆ ಸಿಂಗರಿಸಿಕೊಂಡಿದ್ದರು. ರಮಾಮಣಿ ಜರಿಸೀರೆ ಉಟ್ಟು, ತಲೆಗೆ ಅಬ್ಬಲಿಗೆ ಮುಡಿದು ಮೊದಲ ಸಾಲಿನಲ್ಲೇ ಕೂತಳು. ಬಾಲಪ್ಪ ತನ್ನ ಭಜನಾ ಮಂಡಳಿಯ ಢೋಲಕಿಯನ್ನೇ ಹೆಗಲಿಗೆ ಹಾಕಿಕೊಂಡು ಬಂದಿದ್ದ.

"ಅಣ್ಣಾರ, ಸಾಥ್ ಕೊಡಾಕ ನಾ ಅದೀನ್ರಿ. ಸುರ ಯಾವ್ದು ಅಂತ ಅಷ್ಟ ಹೇಳ್ರಿ, ಉಳಿದದ್ದು ನನಗ ಬಿಡ್ರಿ."

"ಬಾಲಪ್ಪ, ಕಂಪ್ಯೂಟರಿಗೆ ಸುರ ಇಲ್ಲಪ್ಪ."

"ಇರ್ಲಿ ತಗೋರಿ. ನಮ್ಮ ಮಂಡಳಿಯವ್ರಿಗೂ ಇಲ್ಲ."

ಮಾಳಿಗೆಯಿಂದ ಟೀಚರ್ ಊರ್ಮಿಳಾ ಮಿಸ್ ಇಣುಕಿ ನೋಡಿದಳು. ಅವಳು ಮರಾಠಿ ಹುಡುಗಿ, ಕಲ್ಯಾಣದವಳು. ಹಂಚಿಕಡ್ಡಿಯಂತೆ ಸಣ್ಣ, ಸ್ವರ ಮಾತ್ರ ಸ್ಟೇಷನ್ ಮಾಸ್ತರನದು. ಕಂಪ್ಯೂಟರ್ ಕೋಣೆಯೊಳಗೆ ಧೂಳು ಹೋಗಕೂಡದು ಎಂಬುದು ಅವಳ ಪ್ರಾಣ. ಕೆಳಗೆ ಸೇರಿದ್ದ ಜನರನ್ನು ಕಂಡು, "ಸುವರ್ಣ! ಏ ಕ್ಯಾ ಬಾರಾತ್ ಲಾಯಾ ಹೈ?" ಇದೇನು ಮದುವೆ ದಿಬ್ಬಣ ತಂದಿದ್ದೀಯಾ ಎಂದು ಕಿರುಚಿದಳು. ಜಯಶೀಲ ಮೇಲೆ ಓಡಿ ಅವಳ ಕೈಕಾಲು ಹಿಡಿಯುವುದೊಂದು ಬಾಕಿ. ದೇಜಪ್ಪನವರು ಕೆಳಗಿನಿಂದಲೇ, "ಬಾಯೀ, ಮಷೀನ್ ನೀಚೇ ಲಾವೋ! ಸ್ಟೇಜ್ ಪೇ ರಖೇಂಗೇ!" ಎಂದು ಕೂಗಿದರು. ಊರ್ಮಿಳಾ ಮಿಸ್ ಬಾಗಿಲಿಗೆ ಎರಡೂ ಕೈ ಅಡ್ಡ ಹಿಡಿದು ನಿಂತಳು. ಮಷೀನು ಕೆಳಗೆ ಬರಲಿಲ್ಲ.

"ಹಾಗಾದ್ರೆ ಸನ್ಮಾನ ಕೆಳಗೆ, ಪ್ರೋಗ್ರಾಮ್ ಮೇಲೆ" ಎಂದು ದೇಜಪ್ಪ ತೀರ್ಪು ಕೊಟ್ಟರು. ಜಯಶೀಲ ಬೇಡ ಬೇಡವೆಂದರೂ ಅವನನ್ನು ವೇದಿಕೆಗೆ ಹತ್ತಿಸಿದರು. ವೇದಿಕೆಯಲ್ಲಿದ್ದ ಕುರ್ಚಿಗಳಲ್ಲಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಅವರ ಸೋದರಮಾವ ಎಲ್ಲ ಕೂತಾಗಿತ್ತು. ಜಯಶೀಲ ನಿಂತ. ಹೆಗಲಿಗೆ ಶಾಲು ಬಿತ್ತು, ಕೊರಳಿಗೆ ಹಾರ ಬಿತ್ತು, ಕೈಗೆ ಹಣ್ಣಿನ ಬುಟ್ಟಿ ಬಂತು. ಸರಿಯಾಗಿ ಅದೇ ಹೊತ್ತಿಗೆ ಹಾಲಿನ ಬಾಗಿಲಲ್ಲಿ ಗುಪ್ತೆ ಸಾಹೇಬರು ಕಾಣಿಸಿಕೊಂಡರು.

ಜಯಶೀಲನ ಜೀವ ಬಾಯಿಗೆ ಬಂತು. ಪರೀಕ್ಷೆ ನೋಡಲು ಕರೆದ ಸಾಹೇಬರು ಬಂದು ನೋಡಿದರೆ ನಾನು ಮದುವೆಗಂಡಿನ ಹಾಗೆ ಹಾರ ಹಾಕಿಕೊಂಡು ಸೇಬುಹಣ್ಣು ಹಿಡಿದು ನಿಂತಿದ್ದೇನೆ! ಹೋಯಿತು, ಕುರ್ಚಿ ಹೋಯಿತು, ಎ.ಸಿ. ಹೋಯಿತು ಎಂದು ಒಳಗೊಳಗೇ ಅತ್ತ. ಆದರೆ ದೇಜಪ್ಪನವರು ಎಂಥವರೆಂದರೆ, ಬಂದವರು ಯಾರೆಂದು ಕೇಳುವ ಮೊದಲೇ ಅವರಿಗೂ ಒಂದು ಹಾರ ಹಾಕಿ, "ನಮ್ಮ ಇಂದಿನ ಮುಖ್ಯ ಅತಿಥಿಗಳು!" ಎಂದು ಮೈಕಿನಲ್ಲಿ ಘೋಷಿಸಿದರು. ಚಪ್ಪಾಳೆ ಬಿತ್ತು. ಬಾಲಪ್ಪ ಢೋಲಕಿಯ ಮೇಲೆ ಒಂದು ಧಡಾಧಡ್ ಕೊಟ್ಟ. ಗುಪ್ತೆ ಸಾಹೇಬರು ಮೊದಲು ಗಾಬರಿಯಾದರು, ಆಮೇಲೆ ಹಾರವನ್ನು ಸರಿಮಾಡಿಕೊಂಡರು. ಕಾರ್ಖಾನೆಯಲ್ಲಿ ಅವರಿಗೆ ಯಾರೂ ಹಾರ ಹಾಕಿದ್ದಿಲ್ಲ.

ಎಲ್ಲರೂ ಮಾಳಿಗೆ ಹತ್ತಿದರು. ಬಾಗಿಲಲ್ಲಿ ಊರ್ಮಿಳಾ ಮಿಸ್ ಗುಡುಗಿದಳು: "ಚಪ್ಪಲ್ ಬಾಹೇರ್! ಲೈನ್ ಸೇ! ಹಾಥ್ ನಹೀ ಲಗಾನಾ!" ಅಧ್ಯಕ್ಷರು ಮೊದಲು ಚಪ್ಪಲಿ ಬಿಟ್ಟರು. ನಂತರ ಮಾಜಿ ಅಧ್ಯಕ್ಷರು. ಗುಪ್ತೆ ಸಾಹೇಬರು ಕೂಡ ತೆಪ್ಪಗೆ ಬಗ್ಗಿ ಬೂಟಿನ ದಾರ ಬಿಚ್ಚಿದರು. ಇಡೀ ಚಾಳು ದೇವಸ್ಥಾನಕ್ಕೆ ಬಂದ ಹಾಗೆ ಸಾಲಾಗಿ, ಬರಿಗಾಲಲ್ಲಿ, ಕೈಕಟ್ಟಿ ಒಳಗೆ ಬಂತು. ರಮಾಮಣಿ ಕಂಪ್ಯೂಟರಿಗೆ ಕೈ ಮುಗಿದಳು.

ಜಯಶೀಲ ಸ್ಟೂಲಿನ ಮೇಲೆ ಕೂತ. ಬಗ್ಗಿದಾಗಲೆಲ್ಲ ಕೊರಳಿನ ಹಾರ ಕೀಬೋರ್ಡಿನ ಗುಂಡಿಗಳ ಮೇಲೆ ಬೀಳುತ್ತಿತ್ತು; ಪುಷ್ಪಾವತಿ ಹಿಂದಿನಿಂದ ಬಂದು ಹಾರವನ್ನು ಅವನ ಬೆನ್ನಿಗೆ ತಿರುಗಿಸಿ ಬಿಟ್ಟಳು. "ಹೆದರ್ಬೇಡಿ" ಎಂದು ಕಿವಿಯಲ್ಲಿ ಹೇಳಿದಳು.

"ಜಾಲ್ನಾ" ಎಂದು ಒಂದು ಊರಿನ ಹೆಸರು ಹೇಳಿದರು ಗುಪ್ತೆ ಸಾಹೇಬರು.

ಜಯಶೀಲ ಒಂದೊಂದೇ ಅಕ್ಷರ ಹುಡುಕಿ ಒತ್ತಿದ. ಪರದೆ ಒಂದು ಗಳಿಗೆ ಸುಮ್ಮನಿತ್ತು. ಆಮೇಲೆ ಹಸಿರು ಅಕ್ಷರದಲ್ಲಿ ಮೂಡಿತು: ಜಾಲ್ನಾ, ನಾಲ್ಕನೇ ಲಾರಿ. ಸಾಹೇಬರು ನಾಸಿಕ ಎಂದರು, ಸೊಲ್ಲಾಪುರ ಎಂದರು, ನಾಗಪುರ ಎಂದರು. ಒಂದೂ ತಪ್ಪಲಿಲ್ಲ. "ವ್ಹಾ ಸುವರ್ಣ!" ಎಂದು ಬೆನ್ನು ತಟ್ಟಿದರು. ಜಯಶೀಲನಿಗೆ ಕಣ್ಣು ಮಂಜಾಯಿತು. ಇಷ್ಟಕ್ಕೇ ಎಲ್ಲರೂ ಕೆಳಗಿಳಿದು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ನಮ್ಮ ಜನ ಹೋಗುತ್ತಾರೆಯೇ?

"ನಮ್ಮೂರ ಹಾಕ್ರಿ ಅಣ್ಣಾರ" ಎಂದ ಬಾಲಪ್ಪ. "ಅಫಜಲಪುರ."

ಕಾರ್ಖಾನೆಯ ಪಂಪು ಅಫಜಲಪುರಕ್ಕೆ ಹೋದದ್ದಿಲ್ಲ. ಜಯಶೀಲ ಒತ್ತಿದ. ಪರದೆ ಏನೋ ಇಂಗ್ಲಿಷಿನಲ್ಲಿ ಹೇಳಿತು.

"ಏನಂತದ?"

"ಸಿಗ್ಲಿಲ್ಲ ಅಂತದೆ."

ಬಾಲಪ್ಪನ ಮೀಸೆ ಕುಣಿಯಿತು. "ಸಿಗಲಿಲ್ಲ ಅಂದ್ರ? ಅಷ್ಟು ದೊಡ್ಡ ಊರು! ಜಾಲ್ನಾ ಸಿಗತದ, ಅಫಜಲಪುರ ಸಿಗಂಗಿಲ್ಲ? ಇದೇನ್ ನ್ಯಾಯಾರೀ? ನಾವೇನ್ ಮನಷ್ಯಾರಲ್ಲೇನು?"

"ಹೌದು, ನಮ್ಮೂರು ಕಾಪುವೂ ಹಾಕಿ ನೋಡಿ" ಎಂದಳು ರಮಾಮಣಿ. ಕಾಪುವೂ ಸಿಗಲಿಲ್ಲ. ಅಧ್ಯಕ್ಷರ ಮೂಲ್ಕಿ ಸಿಗಲಿಲ್ಲ. ಮಾಜಿ ಅಧ್ಯಕ್ಷರ ಊರನ್ನಂತೂ ಹೇಗೆ ಬರೆಯಬೇಕೆಂದು ಯಾರಿಗೂ ಗೊತ್ತಾಗಲಿಲ್ಲ. ಗಲಾಟೆ ಏರಿತು. "ಮಹಾರಾಷ್ಟ್ರದ್ದು ಮಾತ್ರ ಹಾಕಿದ್ದಾನೆ, ನೋಡಿ ಬುದ್ಧಿ!" ಎಂದು ಹಿಂದಿನಿಂದ ಯಾರೋ ಅಂದರು. ಕನ್ನಡ ಸಂಘದಲ್ಲಿ ಒಬ್ಬ ಮನುಷ್ಯನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ.

"ತಡೀರಿ, ತಡೀರಿ! ಹಾಕ್ತೇನೆ!" ಎಂದು ಜಯಶೀಲ ಬೆವರೊರೆಸಿಕೊಂಡು, ತನ್ನ ಪ್ರೋಗ್ರಾಮಿನ ನಡುವೆಯೇ ಅಫಜಲಪುರಕ್ಕೊಂದು ಹೊಸ ಸಾಲು ಸೇರಿಸಿದ. ಪ್ರಿಂಟರಿನಲ್ಲಿ ಅಚ್ಚಾಗಿ ಬಂದರೆ ಬಾಲಪ್ಪ ಮನೆಗೆ ಒಯ್ಯಬಹುದೆಂದು ಅದಕ್ಕೂ ಒಂದು ಸಾಲು ಹಾಕಿದ. ಅವಸರದಲ್ಲಿ, ಅಚ್ಚಾದ ಮೇಲೆ ಮುಂದೆ ಯಾವ ಸಾಲಿಗೆ ಹೋಗಬೇಕೆಂದು ಯಂತ್ರಕ್ಕೆ ಹೇಳುವ ನಂಬರು ತಪ್ಪಿತು. ಆ ಮುಗ್ಧ ಯಂತ್ರ ಹೇಳಿದಷ್ಟು ಮಾಡುವಂಥದು. ಅಚ್ಚು ಹಾಕಿತು, ಹಿಂದಕ್ಕೆ ಹೋಯಿತು, ಮತ್ತೆ ಅಚ್ಚು ಹಾಕಿತು.

ಕರ್ರ್ ಕರ್ರ್ ಎಂದು ಪ್ರಿಂಟರು ಅಫಜಲಪುರ, ಅಫಜಲಪುರ, ಅಫಜಲಪುರ ಎಂದು ಕಕ್ಕತೊಡಗಿತು. ಕಾಗದ ಮೇಜಿನಿಂದ ಇಳಿದು ನೆಲಕ್ಕೆ ಬಂತು, ನೆಲದಿಂದ ಬಾಗಿಲಿಗೆ ಹೋಯಿತು, ಮೆಟ್ಟಿಲಿನ ಮೇಲೆ ನಿಂತವರ ಕೈಯಿಂದ ಕೈಗೆ ದಾಟಿ ಹಾಲಿಗೆ ಇಳಿಯಿತು. ಜಯಶೀಲ ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತಿದ. ಅದು ನಿಲ್ಲಲಿಲ್ಲ.

"ಯಪ್ಪಾ! ಹೆಂಗ ಜಪ ಮಾಡಾಕತ್ತದ ನೋಡ್ರಿ!" ಎಂದ ಬಾಲಪ್ಪ, ಆನಂದದಿಂದ ಕಣ್ಣೀರು ತಂದುಕೊಂಡು. ಪ್ರಿಂಟರಿನ ತಾಳಕ್ಕೆ ಸರಿಯಾಗಿ ಢೋಲಕಿ ಹಿಡಿದ. ಮಂದಿ ಚಪ್ಪಾಳೆ ತಟ್ಟಿದರು. ರಮಾಮಣಿ ರಾಗ ಎತ್ತಿದಳು. ಗುಪ್ತೆ ಸಾಹೇಬರ ತಲೆ ಅವರಿಗೇ ಗೊತ್ತಿಲ್ಲದೆ ತೂಗುತ್ತಿತ್ತು. ದೇಜಪ್ಪನವರು ಜಯಶೀಲನ ಕಿವಿಯ ಹತ್ತಿರ, "ನಾನು ಹೇಳ್ಲಿಲ್ವಾ? ಪ್ರೋಗ್ರಾಮ್ ಅಂದ್ರೆ ಇದು!" ಎಂದರು.

ಊರ್ಮಿಳಾ ಮಿಸ್ ಜನರನ್ನು ಮೊಣಕೈಯಿಂದ ಸರಿಸಿಕೊಂಡು ಬಂದು ಎರಡು ಗುಂಡಿ ಒಟ್ಟಿಗೆ ಒತ್ತಿದಳು. ಜಪ ನಿಂತಿತು. "ಸಬ್ ನೀಚೇ!" ಎಂದಳು. ಒಂದು ಚೂರು ಸದ್ದಿಲ್ಲದೆ ಎಲ್ಲರೂ ಚಪ್ಪಲಿ ಹುಡುಕಿಕೊಂಡು ಕೆಳಗಿಳಿದರು. ಗುಪ್ತೆ ಸಾಹೇಬರು ಮಾತ್ರ ಅವಳೊಡನೆ ಏನೋ ಮಾತಾಡುತ್ತ ಮೇಲೆಯೇ ಉಳಿದರು.

ಕೆಳಗೆ ಆಗಷ್ಟೇ ಕರಿದ ಗೋಳಿಬಜೆ, ಚಹಾ. ಜಯಶೀಲ ತನ್ನ ಪಾಲಿನ ತಟ್ಟೆಯನ್ನು ಹಾಗೇ ಹೆಂಡತಿಯ ಕೈಗೆ ಕೊಟ್ಟ. ಮೊದಲು ಸರಿಯಾಯಿತು, ಆಮೇಲೆ ಕೆಟ್ಟಿತು. ಸಾಹೇಬರು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೋ! ಕೊನೆಗೂ ಅವರು ಇಳಿದು ಬಂದರು. ಹಾರ ಇನ್ನೂ ಕೊರಳಲ್ಲೇ ಇತ್ತು. ನಾಲ್ಕು ಗೋಳಿಬಜೆ ತಿಂದರು, ಚಹಾ ಕುಡಿದರು, ಬಾಲಪ್ಪನ ಢೋಲಕಿಯನ್ನು ಒಮ್ಮೆ ತಟ್ಟಿ ನೋಡಿದರು. ನಂತರ ಎಲ್ಲರೆದುರೂ ಜಯಶೀಲನ ಹೆಗಲ ಮೇಲೆ ಕೈಯಿಟ್ಟು, "ಸುವರ್ಣ, ಅಬ್ ಪೂರಾ ಪ್ರೋಗ್ರಾಮ್ ತುಮ್ಹಾರೇ ಹಾಥ್ ಮೇ!" ಎಂದರು.

ಇನ್ನು ಇಡೀ ಪ್ರೋಗ್ರಾಮ್ ನಿನ್ನ ಕೈಯಲ್ಲಿ! ಹಾಲಿಗೆ ಹಾಲೇ ಕುಣಿಯಿತು. ದೇಜಪ್ಪ ಮೈಕು ಕಸಿದುಕೊಂಡು, "ನಮ್ಮ ಜಯಶೀಲನಿಗೆ ಕಂಪ್ಯೂಟರ್ ಕೆಲಸ ಆಯ್ತು!" ಎಂದು ಸ್ಟೇಷನ್ನಿನವರೆಗೆ ಕೇಳುವಂತೆ ಸಾರಿದರು. ಬಾಲಪ್ಪ ಅವನನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ತಿರುಗುವಾಗ ಜಯಶೀಲನಿಗೆ ಆ ಕುರ್ಚಿಯೇ ತಿರುಗಿದಂತಾಯಿತು. ಪುಷ್ಪಾವತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟು ಸಂತೋಷ ಅವಳ ಮುಖದಲ್ಲಿ ಅವನು ಎಷ್ಟೋ ಕಾಲದಿಂದ ನೋಡಿರಲಿಲ್ಲ.

ಸಾಹೇಬರನ್ನು ರಿಕ್ಷಾದವರೆಗೆ ಬಿಡಲು ಜಯಶೀಲ ಹೊರಗೆ ಬಂದ. ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

"ಸಾಬ್, ಗಾಜಿನ ಕೋಣೆಗೆ ನಾನು ಯಾವಾಗಿಂದ ಬರಲಿ?" ಎಂದು ಹಿಂದಿಯಲ್ಲಿ ಕೇಳಿದ.

"ಯಾವ ಕೋಣೆ? ಓ, ಅದಾ? ಅದಕ್ಕೆ ನಿಮ್ಮ ಆ ಮಿಸ್‌ಬಾಯಿಯನ್ನು ಈಗಲೇ ಗೊತ್ತುಮಾಡಿ ಬಂದೆನಲ್ಲ! ನಮ್ಮ ಕಾರ್ಖಾನೆಯಲ್ಲಿ ಎಲ್ಲರ ಬೂಟಿನಲ್ಲೂ ಗ್ರೀಸು. ನನ್ನ ಬೂಟನ್ನೇ ಬಿಚ್ಚಿಸಿದಳು ನೋಡು! ಅಂಥವಳು ಬಾಗಿಲಲ್ಲಿದ್ದರೆ ಕಂಪ್ಯೂಟರ್ ಹತ್ತು ವರ್ಷ ಬಾಳುತ್ತದೆ."

ಜಯಶೀಲ ರಿಕ್ಷಾಕ್ಕೆ ಅಡ್ಡ ಬಂದು ನಿಂತ. "ಮತ್ತೆ... ಪ್ರೋಗ್ರಾಮ್ ನನ್ನ ಕೈಯಲ್ಲಿ ಅಂದಿರಿ?"

"ಅಂದೆನಪ್ಪ! ಕಂಪ್ಯೂಟರಿನ ಉದ್ಘಾಟನೆಗೆ ದೊಡ್ಡ ಸಾಹೇಬರು, ಇನ್ನೂರು ಜನ ಅತಿಥಿಗಳು ಬರುತ್ತಾರೆ. ಒಂದು ಪ್ರೋಗ್ರಾಮ್ ಇಡಬೇಕು, ಯಾರಿಗೆ ಹೇಳಲಿ ಅಂತ ನನಗೆ ನಿದ್ದೆ ಇರಲಿಲ್ಲ. ಇವತ್ತು ನಿನ್ನ ಏರ್ಪಾಡು ನೋಡಿದೆ. ಭಾನುವಾರ ಬೆಳಿಗ್ಗೆ ಇಷ್ಟು ಜನ! ಮೈಕು, ಹಾರ, ಶಾಲು, ಆ ಪಕೋಡಾ, ಆ ಢೋಲಕಿಯವನು! ಒಂದೂ ಬಿಡಬೇಡ, ಎಲ್ಲ ಹೀಗೇ ಆಗಬೇಕು. ಡಿಸ್ಪ್ಯಾಚ್ ಮುಗಿಸಿ ಸಂಜೆ ಇದನ್ನು ನೋಡಿಕೋ."

ರಿಕ್ಷಾ ಹೋಯಿತು. ಬೆಳಿಗ್ಗೆಯಿಂದ ಇಡೀ ಚಾಳಿಗೆ ಪ್ರೋಗ್ರಾಮ್ ಎಂದರೆ ಅದಲ್ಲ, ಇದು ಎಂದು ಬಾಯಿ ನೋಯುವಷ್ಟು ತಿಳಿಸಿ ಹೇಳಿದ ಮನುಷ್ಯ ಡೊಂಬಿವಲಿಯ ಆ ಬಿಸಿಲಿನಲ್ಲಿ ಒಬ್ಬನೇ ನಿಂತ. ಮೊದಲು ಅಳು ಬಂತು. ಆಮೇಲೆ ಅದೇನಾಯಿತೋ, ಹೊಟ್ಟೆಯೊಳಗಿಂದ ನಗು ಎದ್ದು ಬಂತು. ದಾರಿಹೋಕರು ತಿರುಗಿ ನೋಡಿದರು.

ಒಳಗಿಂದ ಢೋಲಕಿ ಕೇಳುತ್ತಿತ್ತು. ಪುಷ್ಪಾವತಿ ಅವನಿಗೆಂದು ಉಳಿಸಿಟ್ಟ ಗೋಳಿಬಜೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಗೇಟಿಗೆ ಬಂದಳು. ಅವನ ಮುಖ ನೋಡಿ ಅವಳಿಗೂ ನಗು.

"ಎಂತ ಹೇಳಿದ್ರು ಸಾಹೇಬ್ರು? ಕುರ್ಚಿ ಉಂಟಂತಾ?"

"ಉಂಟು" ಎಂದ ಜಯಶೀಲ, ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡು. "ಒಂದಲ್ಲ, ಇನ್ನೂರು. ಬಾಡಿಗೆಗೆ ತರ್ಲಿಕ್ಕೆ ಹೇಳಿದ್ದಾರೆ."

"ಇನ್ನೂರಾ? ಅದರಲ್ಲಿ ನಿಮ್ಮದು ಯಾವುದು?"

"ನಾನು ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕೂರಿಸ್ಬೇಕು."